ಆರು ಜನರ ಬ್ಯಾಂಡಿಗೆ ಒಂದು ಕನ್ನಡ ಬ್ಲೂಸ್ ಹಾಡು: ಯಾರು ಎಲ್ಲಿ ಸುಮ್ಮನಿರಬೇಕು?

ಕಡಲ ಗಿಟಾರ್, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಾವು ಆರು ಜನ ಸೇರಿ ನುಡಿಸುತ್ತೇವೆ. ಗಿಟಾರ್ ನಾನು. ಬೇಸ್, ಡ್ರಮ್ಸ್, ಕೀಬೋರ್ಡ್, ಟೆನರ್ ಸ್ಯಾಕ್ಸೊಫೋನ್ ಇದ್ದಾವೆ. ಹಾಡುವವಳು ಶಿರಸಿಯ ಹುಡುಗಿ, ಹಿಂದೂಸ್ತಾನಿ ಕಲಿತವಳು. ಬೇರೆಯವರ ಹಾಡು ನುಡಿಸಿ ನುಡಿಸಿ ಈಗ ನಮ್ಮದೇ ಒಂದು ಬ್ಲೂಸ್ ಹಾಡು (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಶೈಲಿ) ಬೇಕು ಅನ್ನಿಸಿದೆ. ವಿಷಯ ಬೈತಖೋಲ ಬಂದರಿನದು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು, ಸಾಲಾಗಿ ಕಟ್ಟಿ ನಿಂತಿರುತ್ತವಲ್ಲ, ಆ ಬೋಟುಗಳದ್ದು.

ಹನ್ನೆರಡು ಬಾರಿನ ಸಾಮಾನ್ಯ ಚೌಕಟ್ಟು ಇಟ್ಟುಕೊಂಡಿದ್ದೇನೆ (ನಾಲ್ಕು ಬೀಟಿಗೆ ಒಂದು ಬಾರ್). ಎ ಸ್ಕೇಲ್, ಶಫಲ್, ವೇಗ ನಿಮಿಷಕ್ಕೆ 112 ಬೀಟ್. ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ, ಮೂರೇ: ಎ ಸೆವೆನ್, ಡಿ ಸೆವೆನ್, ಇ ಸೆವೆನ್ (ಸ, ಮ, ಪ ಮೇಲಿನವು). ಮೊದಲ ಸಾಲು ಹೀಗಿದೆ:

ನಾನು ನನ್ನ ದೋಣಿಯನ್ನು ದಡದಲ್ಲಿ ಕಟ್ಟಿಹಾಕಿದ್ದೇನೆ

ಇದನ್ನೇ ಎರಡು ಸಲ ಹಾಡಿ, ಮೂರನೇ ಸಾಲಿನಲ್ಲಿ ಉತ್ತರ ಕೊಡುವ ಯೋಚನೆ. ತೊಂದರೆ ಎರಡು. ಸಾಲು ತಾಳಕ್ಕೆ ಕೂರುತ್ತಿಲ್ಲ. ಇನ್ನೊಂದು, ಆರೂ ಜನ ಒಟ್ಟಿಗೆ ನುಡಿಸಿದರೆ ಗದ್ದಲ. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಕೇಳುವವರಿಗೂ ಸಾಕು, ನಮಗೂ ಸಾಕು. ಯಾರು ಎಲ್ಲಿ ಏನು ನುಡಿಸಬೇಕು ಅಂತ ಕೂತು ಬರೆದುಕೊಳ್ಳಬೇಕಾಗಿದೆ. ತಿಳಿದವರು ದಾರಿ ಹೇಳಿ.

ಛಂದಸ್ಸಿನ ಅಕ್ಕ, ಹೊನ್ನಾವರ

ತಮ್ಮಾ, ಸಾಲಿನ ಮಾತು ಮೊದಲು ಮುಗಿಸೋಣ. ಗದ್ದಲದ ಅರ್ಧ ಕಾರಣ ಅಲ್ಲೇ ಇದೆ.

ಶಫಲ್ ಅಂದರೆ ಒಂದು ಬೀಟನ್ನು ಮೂರು ಭಾಗ ಮಾಡಿ, ಮೊದಲ ಸ್ವರಕ್ಕೆ ಎರಡು ಭಾಗ, ಎರಡನೆಯದಕ್ಕೆ ಒಂದು. ಉದ್ದ, ಗಿಡ್ಡ. ನಮ್ಮಲ್ಲಿ ಅದು ಗುರು, ಲಘು. ಮೂರು ಮಾತ್ರೆಯ ಗಣ. ಉತ್ಸಾಹ ರಗಳೆಯಲ್ಲಿ ಇರುವುದೇ ಈ ನಡೆ. ಕನ್ನಡದಲ್ಲಿ ಇಂಥ ಪದಗಳು ಬೇಕಾದಷ್ಟಿವೆ. ಬೋಟು, ಕಟ್ಟಿ, ಬಂದೆ, ಮೋಡ, ಗಾಳಿ, ಸಾಲ. ಒಂದೊಂದು ಪದ ಒಂದೊಂದು ಬೀಟಿಗೆ ಸರಿಯಾಗಿ ಕೂರುತ್ತದೆ.

ಈಗ ನಿಮ್ಮ ಸಾಲನ್ನು ಎಣಿಸಿ. "ನಾನು ನನ್ನ ದೋಣಿಯನ್ನು" ಹನ್ನೆರಡು ಮಾತ್ರೆ, ಅಂದರೆ ಒಂದು ಬಾರ್ ಸರಿಯಾಗಿ ತುಂಬಿತು. "ದಡದಲ್ಲಿ" ಐದು. "ಕಟ್ಟಿಹಾಕಿದ್ದೇನೆ" ಹತ್ತು. ಒಟ್ಟು 27. ಎರಡು ಬಾರಿನಲ್ಲಿ ಇರುವ ಜಾಗವೇ 24 ಮಾತ್ರೆ. ಹಾಗಾಗಿ ಸಾಲು ಮೂರನೇ ಬಾರಿಗೆ ಚೆಲ್ಲುತ್ತದೆ. ಆ ಮೂರು, ನಾಲ್ಕನೇ ಬಾರ್ ಹಾಡುವವರದ್ದಲ್ಲ, ವಾದ್ಯದ್ದು. ಹಾಡಿನವಳು ಅಲ್ಲಿಗೆ ಬಂದರೆ ಸ್ಯಾಕ್ಸ್‌ನವರು ಅವಳ ಮೇಲೇ ನುಡಿಸಬೇಕಾಗುತ್ತದೆ.

ಹೀಗೆ ಮಾಡಿ ನೋಡಿ:

ಬೋಟು ಕಟ್ಟಿ ಬಿಟ್ಟು ಬಂದೆ, ಮೋಡ ಕಟ್ಟಿತು
ಬೋಟು ಕಟ್ಟಿ ಬಿಟ್ಟು ಬಂದೆ, ಮೋಡ ಕಟ್ಟಿತು
ಬಲೆಯ ಹರಿದ ಕಣ್ಣು ಹೆಣೆದೆ, ಸಾಲ ಬೆಳೆಯಿತು

ಮೊದಲ ಬಾರಿಗೆ ನಾಲ್ಕು ಪದ, ನಾಲ್ಕು ಬೀಟ್. ಎರಡನೇ ಬಾರಿನಲ್ಲಿ "ಮೋಡ", "ಕಟ್ಟಿ", ಆಮೇಲೆ ಮೂರನೇ ಬೀಟಿನ ಮೇಲೆ "ತು". ನಾಲ್ಕನೇ ಬೀಟ್ ಖಾಲಿ. ಉಸಿರು ತೆಗೆದುಕೊಳ್ಳಲು ಜಾಗ ಸಿಕ್ಕಿತು. ಆಮೇಲಿನ ಎರಡು ಬಾರ್ ವಾದ್ಯಕ್ಕೆ.

ಮೂರನೇ ಸಾಲಿನಲ್ಲಿ "ಬಲೆಯ", "ಹರಿದ", "ಹೆಣೆದೆ" ಮೂರೂ ಬರೀ ಲಘು. ಅಲ್ಲಿ ಗುರು-ಲಘುವಿನ ಜಾರುನಡೆ ಹೋಗಿ ಮೂರೂ ಅಕ್ಷರ ಸಮನಾಗಿ ಉರುಳುತ್ತವೆ. ಅದು ಬೇಕು ಅಂತಲೇ ಇಟ್ಟಿದ್ದು. ಒಂದೇ ನಡೆಯಲ್ಲಿ ಮೂರೂ ಸಾಲು ಹೋದರೆ ಕಿವಿ ಬೇಗ ದಣಿಯುತ್ತದೆ.

ಬಂದರು ಮನೆ, ಬೈತಖೋಲ

ಅಕ್ಕ ದೋಣಿ ತೆಗೆದು ಬೋಟು ಮಾಡಿದ್ದು ಒಳ್ಳೆಯದಾಯಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ ಇರುವುದು ಯಾಂತ್ರೀಕೃತ ಬೋಟುಗಳಿಗೆ. ಪಾತಿ ದೋಣಿಯವರು ಮಳೆಗಾಲದಲ್ಲೂ ಗಾಳಿ ನೋಡಿಕೊಂಡು ಹೋಗುತ್ತಾರೆ. ಹಾಡಿನಲ್ಲಿ ದೋಣಿ ಕಟ್ಟಿ ಎರಡು ತಿಂಗಳು ಕೂತರೆ ನಮ್ಮ ಕೇರಿಯಲ್ಲಿ ಯಾರೂ ನಂಬುವುದಿಲ್ಲ.

ಬಲೆ ಹೆಣೆಯುವುದು ಸರಿಯಾಗಿದೆ. ಆ ಎರಡು ತಿಂಗಳು ಮನೆಯ ಜಗುಲಿ ತುಂಬಾ ಬಲೆ. ಸಾಲದ ಮಾತೂ ಸರಿ. ಅಕ್ಕ ಹೇಳಿದ ಲೆಕ್ಕದಲ್ಲೇ ಎರಡನೇ ನುಡಿ ಕೂರಿಸಿ ನೋಡಿದೆ:

ಮಳೆಯು ಮೂರು ದಿವಸ ಸುರಿದು ದಾರಿ ಮುಳುಗಿತು
ಅಂಗಡೀಲಿ ಕಡದ ಪಟ್ಟಿ ಉದ್ದ ಆಯಿತು

ಮೊದಲ ಸಾಲು ಎರಡು ಸಲ.

ಛಂದಸ್ಸಿನ ಅಕ್ಕ, ಹೊನ್ನಾವರ

ಎಣಿಸಿದೆ. ಒಂದು ಮಾತ್ರೆಯೂ ಆಚೀಚೆ ಇಲ್ಲ. "ಕಡದ ಪಟ್ಟಿ" ತುಂಬಾ ಚೆನ್ನಾಗಿದೆ, ಅದನ್ನು ಯಾರೂ ಬದಲಾಯಿಸಬೇಡಿ.

ಹಾರ್ಮೋನಿಯಂ ಮಾಸ್ತರ್, ಶಿರಸಿ

ಹಾಡುವ ಹುಡುಗಿಯ ಶ್ರುತಿ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ. ಗಿಟಾರಿಗೆ ಸುಲಭ ಅಂತ ಎ ಇಟ್ಟಿರಬೇಕು. ಹಾಡಿಗೆ ಸ್ಕೇಲ್ ಆರಿಸುವುದು ಹಾಡುವವರ ಗಂಟಲು ನೋಡಿ.

ಕಡಲ ಗಿಟಾರ್, ಕಾರವಾರ

ಮಾಸ್ತರೇ, ಅವಳು ಕ್ಲಾಸಿನಲ್ಲಿ ಹಾಡುವುದು ಕಪ್ಪು ಐದರಲ್ಲಿ (ಹಾರ್ಮೋನಿಯಮ್ಮಿನ ಐದನೇ ಕಪ್ಪು ಮನೆ). ಎ ಅಂದರೆ ಅರ್ಧ ಮನೆ ಕೆಳಗೆ ಅಷ್ಟೇ, ಹೊಂದಿಕೊಳ್ಳುತ್ತಾಳೆ ಅಂದುಕೊಂಡೆ.

ಕೋಡಿಬಾಗ ಸ್ಯಾಕ್ಸ್

ಆ ಅರ್ಧ ಮನೆ ನಮಗೆ ಎಷ್ಟು ದೊಡ್ಡದು ಗೊತ್ತಾ? ಟೆನರ್ ಸ್ಯಾಕ್ಸ್ ಬಿ ಫ್ಲಾಟ್ ವಾದ್ಯ, ಹಾಳೆಯಲ್ಲಿ ಸಿ ಅಂತ ಓದಿ ನುಡಿಸಿದರೆ ಕೇಳುವುದು ಬಿ ಫ್ಲಾಟ್. ನೀವು ಎ ನುಡಿಸಿದರೆ ನಾವು ಬಿ ಮೇಜರ್‌ನಲ್ಲಿ ಓದಬೇಕು, ಐದು ಶಾರ್ಪ್, ಅಂದರೆ ಅರ್ಧ ಮನೆ ಏರಿಸಿದ ಐದು ಸ್ವರ. ಕಪ್ಪು ಐದು ಅಂದರೆ ಬಿ ಫ್ಲಾಟ್. ಅದರಲ್ಲಿ ನುಡಿಸಿದರೆ ನಮಗೆ ಬರೀ ಸಿ. ಶಾರ್ಪೂ ಇಲ್ಲ, ಫ್ಲಾಟೂ ಇಲ್ಲ, ಬ್ಲೂಸ್ ಸ್ವರಗಳು ಮಾತ್ರ ಮೇಲಿಂದ ಬರೆದುಕೊಂಡರೆ ಆಯಿತು. ಹಾಡುವವಳಿಗೂ ಅದೇ ಶ್ರುತಿ ಅಂದ ಮೇಲೆ ಇನ್ನು ಯೋಚನೆ ಏಕೆ? ಬಿ ಫ್ಲಾಟ್ ಮಾಡಿ.

ಗಿಟಾರಿಗೆ ಮೊದಲ ಫ್ರೆಟ್ಟಿನಲ್ಲಿ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ನಿಮ್ಮ ಎ ಕೈಯಲ್ಲೇ ನುಡಿಸಿ. ಬೆರಳು ಏನೂ ಬದಲಾಗುವುದಿಲ್ಲ. ಸೋಲೊಗೆ ಕ್ಯಾಪೊ ಇಲ್ಲದಿದ್ದರೂ ನಡೆಯುತ್ತದೆ, ಆರನೇ ಫ್ರೆಟ್ಟಿನ ಪೆಂಟಾಟೋನಿಕ್, ಅಂದರೆ ಐದು ಸ್ವರದ ಸ್ಕೇಲ್, ಹೇಗೂ ಕೈಗೆ ಬಂದಿರುತ್ತದೆ.

ಕುಮಟಾ ಬೇಸ್

ಬಿ ಫ್ಲಾಟ್‌ಗೆ ನನ್ನದೂ ಒಂದು ಓಟು. ಬೇಸಿನವರಿಗೆ ಒಂದು ಮಾತು ಹೇಳಿ. ಸ ಮೇಲಿನ ಕಾರ್ಡ್ ನಡೆಯುವಾಗ ಸ ಗ ಪ ಧ, ಮುಂದಿನ ಬಾರಿಗೆ ಕೋಮಲ ನಿ ಧ ಪ ಗ. ಬೀಟಿಗೊಂದು ಸ್ವರ. ನಾಲ್ಕನೇ ಬಾರಿನ ಕೊನೆಯ ಬೀಟಿನಲ್ಲಿ ಗ ಬರುತ್ತದೆ, ಅಲ್ಲಿಂದ ಮ ಬರೀ ಅರ್ಧ ಮನೆ. ಕಾರ್ಡ್ ಬದಲಾಗುವುದು ಬೇಸಿನಿಂದಲೇ ಕೇಳುವವರಿಗೆ ಗೊತ್ತಾಗುತ್ತದೆ. ಎಂಟನೇ ಬಾರಿನ ಕೊನೆಯಲ್ಲಿ ತೀವ್ರ ಮ ಇಟ್ಟು ಒಂಬತ್ತಕ್ಕೆ ಪ ಹತ್ತಬೇಕು.

ಇದನ್ನು ಕೊನೆಯವರೆಗೆ ಬಿಡದೆ ನುಡಿಸಲಿ. ಬೇಸಿನವರು ಅಲಂಕಾರ ಮಾಡಲು ಹೋದರೆ ಮೇಲಿನವರಿಗೆ ನಿಲ್ಲಲು ನೆಲ ಇರುವುದಿಲ್ಲ.

ಹಾರ್ಮೋನಿಯಂ ಮಾಸ್ತರ್, ಶಿರಸಿ

ಕೀಬೋರ್ಡಿನವರ ಕಡೆಗೆ ಬರುತ್ತೇನೆ. ಸಣ್ಣ ಬ್ಯಾಂಡಿನಲ್ಲಿ ಗದ್ದಲ ಹುಟ್ಟುವುದು ಜಾಸ್ತಿ ಅಲ್ಲೇ. ಎಡಗೈ ಬೇಸಿನ ಕೆಲಸ ಮಾಡುತ್ತಿರುತ್ತದೆ, ಬಲಗೈ ಗಿಟಾರಿನ ಕೆಲಸ. ಎರಡನ್ನೂ ಬಿಡಿಸಬೇಕು.

ಎಡಗೈ ಮಡಿಲಲ್ಲಿರಲಿ. ಬಲಗೈಯ ಎರಡು ಬೆರಳು ಸಾಕು. ಸ ಮೇಲಿನ ಸೆವೆನ್ ಕಾರ್ಡಿಗೆ ಹೆಸರು ಕೊಡುವ ಸ್ವರ ಎರಡೇ, ಶುದ್ಧ ಗ ಮತ್ತು ಕೋಮಲ ನಿ. ಬಿ ಫ್ಲಾಟ್‌ನಲ್ಲಿ ಅದು ಡಿ ಮತ್ತು ಎ ಫ್ಲಾಟ್. ಸ ಹೇಗೂ ಬೇಸಿನಲ್ಲಿದೆ. ಈಗ ಮ ಕಾರ್ಡಿಗೆ ಹೋಗಬೇಕು. ಎರಡೂ ಬೆರಳನ್ನು ಅರ್ಧರ್ಧ ಮನೆ ಕೆಳಗೆ ಸರಿಸಿ. ಗ ಹೋಗಿ ಕೋಮಲ ಗ ಆಯಿತು, ಕೋಮಲ ನಿ ಹೋಗಿ ಧ ಆಯಿತು. ಮ ಸೆವೆನ್ ಸಿದ್ಧ. ಪ ಕಾರ್ಡಿಗೆ ಹೋಗಬೇಕೋ, ಮೊದಲಿದ್ದ ಜಾಗದಿಂದ ಎರಡೂ ಬೆರಳು ಅರ್ಧರ್ಧ ಮನೆ ಮೇಲೆ. ಮ ಮತ್ತು ಶುದ್ಧ ನಿ. ಮುಗಿಯಿತು. ಇಡೀ ಹನ್ನೆರಡು ಬಾರಿನಲ್ಲಿ ಕೈ ಎರಡು ಅಂಗುಲ ಆಚೆ ಹೋಗುವುದಿಲ್ಲ.

ಹಾರ್ಮೋನಿಯಂ ಮೇಲೆ ಇದನ್ನು ನಿಧಾನವಾಗಿ ನುಡಿಸಿ ಕೇಳಿ. ಬರೀ ಎರಡು ಸ್ವರ, ಅದರಲ್ಲೇ ಇಡೀ ಹಾಡು ಕಾಣುತ್ತದೆ. ನನಗಂತೂ ಇದು ಮೊದಲ ಸಲ ಕೈಗೆ ಸಿಕ್ಕಾಗ ಆದ ಸಂತೋಷ ಹೇಳಲಾಗದು.

ಇದರಿಂದ ರಾಗಕ್ಕೂ ಒಂದು ಕೆಲಸ ಬೀಳುತ್ತದೆ. ಒಂದನೇ ಸಾಲು, ಎರಡನೇ ಸಾಲು ಮಾತು ಒಂದೇ. ಆದರೆ ಕೆಳಗಿನ ಕಾರ್ಡ್ ಬೇರೆ. ಮೊದಲ ಸಾಲಿನ "ತು" ಶುದ್ಧ ಗ ಮೇಲೆ ನಿಂತರೆ, ಎರಡನೇ ಸಲ ಅದೇ "ತು" ಕೋಮಲ ಗ ಮೇಲೆ ನಿಲ್ಲಲಿ. ಮಾತು ಅದೇ, ಅರ್ಥ ಬೇರೆ ಕೇಳುತ್ತದೆ. ಮೊದಲ ಸಲ ಸುದ್ದಿ, ಎರಡನೇ ಸಲ ಸಂಕಟ.

ಕಡಲ ಗಿಟಾರ್, ಕಾರವಾರ

ಮಾಸ್ತರೇ, ಈಗಷ್ಟೇ ಕೂತು ಹಾಡಿಸಿ ನೋಡಿದೆವು. ಎರಡನೇ "ತು" ಕೋಮಲಕ್ಕೆ ಇಳಿದಾಗ ಡ್ರಮ್ಸ್ ಹುಡುಗ ಕೋಲು ಕೆಳಗಿಟ್ಟು ಇನ್ನೊಂದು ಸಲ ಅಂದ.

ಹಾಡುವವಳ ಪ್ರಶ್ನೆ ಒಂದಿದೆ. ಎರಡೂ ಗಾಂಧಾರ, ಕೋಮಲ ನಿಷಾದ, ಹಾಗಾದರೆ ಇದು ಜೋಗ್ ರಾಗ ಅಲ್ವಾ? ಜೋಗ್ ಅಂತಲೇ ಹಾಡಲಾ ಅಂತ ಕೇಳುತ್ತಿದ್ದಾಳೆ.

ಹಾರ್ಮೋನಿಯಂ ಮಾಸ್ತರ್, ಶಿರಸಿ

ಒಳ್ಳೆಯ ಕಿವಿ. ಅವಳಿಗೆ ಹೇಳು, ದಾರಿ ಹತ್ತಿರದ್ದು, ಊರು ಬೇರೆ. ಜೋಗ್‌ನಲ್ಲಿ ಹತ್ತುವಾಗ ಶುದ್ಧ ಗ, ಇಳಿಯುವಾಗ ಗ ಮ ಗ ಸ ಅಂತ ಕೋಮಲ ಗ ಬರುತ್ತದೆ. ರಿಷಭ, ಧೈವತ ಇಲ್ಲವೇ ಇಲ್ಲ. ಇಲ್ಲಿ ಮ ಕಾರ್ಡಿನಲ್ಲಿ ಧೈವತ ಇದೆ, ಬೇಸಿನಲ್ಲಿ ಬರುತ್ತಲೇ ಇರುತ್ತದೆ. ಕೋಮಲ ಗ ಇಳಿಯುವಾಗ ಮಾತ್ರ ಅನ್ನುವ ನಿಯಮವೂ ಇಲ್ಲ. ಬ್ಲೂಸಿನಲ್ಲಿ ಆ ಗಾಂಧಾರ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಕಲಿತ ಗಂಟಲಿಗೆ ಅದು ಬೇಗ ಸಿಗುತ್ತದೆ. ಹಾರ್ಮೋನಿಯಮ್ಮಿನಲ್ಲಿ ಆ ಜಾಗವೇ ಇಲ್ಲ, ಗಿಟಾರಿನವರು ತಂತಿ ಎಳೆದು ಹಿಡಿಯುತ್ತಾರೆ.

ತಾನ್, ಸರ್ಗಮ್ ಮಾತ್ರ ಬೇಡ. ಒಂದು ಸ್ವರ ಹಿಡಿದು ನಿಂತರೆ ಸಾಕು.

ಯಲ್ಲಾಪುರ ಡ್ರಮ್ಸ್

ವೇಗದ ಬಗ್ಗೆ ನನಗೆ ತಕರಾರಿದೆ. 112ರಲ್ಲಿ ಇದು ಕುಣಿಯುವ ಹಾಡು. ಬೋಟು ಕಟ್ಟಿ ಕೂತವನ ಮಾತು ಅಷ್ಟು ಬೇಗ ಬರುವುದಿಲ್ಲ. 66ಕ್ಕೆ ಇಳಿಸಿ, ಹನ್ನೆರಡು-ಎಂಟರ (ಬಾರಿಗೆ ಹನ್ನೆರಡು ಸಣ್ಣ ಪೆಟ್ಟಿನ) ನಿಧಾನ ಬ್ಲೂಸ್ ಮಾಡಿ. ಬೀಟಿನ ಮೂರೂ ಭಾಗ ಹೈ-ಹ್ಯಾಟಿನಲ್ಲಿ (ಜೋಡಿ ಸಿಂಬಲ್) ಕೇಳಬೇಕು.

ಕುಮಟಾ ಬೇಸ್

66 ತೀರಾ ನಿಧಾನ ಆಯಿತು ಮಾರಾಯ. ಒಂದು ಸುತ್ತಿಗೆ 48 ಬೀಟ್, ಸುಮಾರು 44 ಸೆಕೆಂಡ್. ಎಂಟು ಸುತ್ತು ಅಂದರೆ ಆರು ನಿಮಿಷ. ಆ ನಿಧಾನದಲ್ಲಿ ಖಾಲಿ ಜಾಗ ಹಿಡಿದುಕೊಳ್ಳುವುದು ಬಹಳ ಕಷ್ಟ, ಎಲ್ಲರೂ ತುಂಬಿಸಲು ಹೊರಡುತ್ತಾರೆ. ಹೊಸ ಬ್ಯಾಂಡಿಗೆ ಅದು ಒಗ್ಗುವುದಿಲ್ಲ. 84 ಇಡಿ. ಸುತ್ತಿಗೆ 34 ಸೆಕೆಂಡ್. ಶಫಲ್ಲೂ ಉಳಿಯುತ್ತದೆ, ಮಾತೂ ಕೇಳುತ್ತದೆ.

ಯಲ್ಲಾಪುರ ಡ್ರಮ್ಸ್

84 ಒಪ್ಪಿದೆ. ಆದರೆ ಸ್ನೇರ್ ಡ್ರಮ್ ಎರಡು, ನಾಲ್ಕನೇ ಬೀಟಿನ ಮೇಲೆ ಮಾತ್ರ. ಹಾಡುವಾಗ ಕ್ರಾಸ್-ಸ್ಟಿಕ್, ಅಂದರೆ ಕೋಲನ್ನು ಅಡ್ಡ ಇಟ್ಟು ಅಂಚಿಗೆ ಹೊಡೆಯುವುದು. ಸೋಲೊ ಶುರುವಾದಾಗ ಸ್ನೇರ್ ಮೇಲೆ ಪೂರ್ತಿ ಪೆಟ್ಟು. ರೋಲ್ ಹಾಕುವುದಾದರೆ ಹನ್ನೆರಡನೇ ಬಾರಿನಲ್ಲಿ ಮಾತ್ರ, ಅದೂ ಮುಂದಿನ ಸುತ್ತಿನಲ್ಲಿ ಏನಾದರೂ ಬದಲಾಗುವುದಿದ್ದರೆ.

ಅಕ್ಕನ ಸಾಲಿಗೆ ಒಂದು ಎಚ್ಚರಿಕೆ. ಪದಕ್ಕೊಂದು ಬೀಟ್ ಸರಿ, ಆದರೆ ಎಲ್ಲ ಪದವನ್ನೂ ಬೀಟಿನ ನೆತ್ತಿಯ ಮೇಲೇ ಹಾಡಿದರೆ ಶಿಶುಗೀತೆಯ ಹಾಗೆ ಕೇಳುತ್ತದೆ. ಹಾಡುವವಳು ಸ್ವಲ್ಪ ಹಿಂದೆ ನಿಲ್ಲಬೇಕು. "ಬೋಟು" ಒಂದನೇ ಬೀಟ್ ಬಿದ್ದ ಮೇಲೆ ಶುರುವಾಗಲಿ. "ಬಿಟ್ಟು ಬಂದೆ" ತಡವಾಗಿ ಬಂದು ಎರಡನೇ ಬಾರಿಗೆ ತಾಗಲಿ. ಎರಡನೇ ಬಾರಿನಲ್ಲಿ ಖಾಲಿ ಬೀಟ್ ಇದೆಯಲ್ಲ, ಆ ಸಾಲ ಅಲ್ಲಿ ತೀರುತ್ತದೆ. ಅವಳು ಹಿಂದೆ ನಿಂತಳು ಅಂತ ಬ್ಯಾಂಡ್ ಕಾಯಲು ಹೋಗಬಾರದು. ಬ್ಯಾಂಡ್ ಅಲ್ಲಾಡದೆ ಇದ್ದರೆ ಮಾತ್ರ ಅವಳು ಹಿಂದೆ ನಿಂತದ್ದು ಗೊತ್ತಾಗುವುದು.

ಛಂದಸ್ಸಿನ ಅಕ್ಕ, ಹೊನ್ನಾವರ

ಒಪ್ಪಿದೆ. ಯಕ್ಷಗಾನದಲ್ಲಿ ಭಾಗವತರು ಪದ್ಯವನ್ನು ಎಳೆದು ಮದ್ದಲೆಯ ಹಿಂದೆ ಹಿಂದೆ ಬರುತ್ತಾರಲ್ಲ, ಹಾಗೆ ಕೇಳಿದವರಿಗೆ ಇದು ಹೊಸತಲ್ಲ. ಹಾಡುವವಳು ಶಿರಸಿಯವಳಾದರೆ ಬಡಗಿನ ಆಟ ಕೇಳಿಯೇ ಬೆಳೆದಿರುತ್ತಾಳೆ.

ಕೋಡಿಬಾಗ ಸ್ಯಾಕ್ಸ್

ಈಗ ಅಕ್ಕ ವಾದ್ಯಕ್ಕೆ ಬಿಟ್ಟ ಆ ಎರಡು ಬಾರಿನ ವಿಷಯ. ನಾನು ಹೇಳಬೇಕು ಅಂತಿದ್ದದ್ದು ಇದೇ.

ಬ್ಲೂಸ್ ಬರೆಯುವುದು ಅಂದರೆ ಹಾಡಿನ ಸಾಲು ಬರೆಯುವುದು ಅಂತ ಎಲ್ಲರೂ ತಿಳಿಯುತ್ತಾರೆ. ಒಂದು ಸುತ್ತಿನಲ್ಲಿ ಹಾಡಿಗೆ ಆರು ಬಾರ್, ಉತ್ತರಕ್ಕೆ ಆರು ಬಾರ್. ಅರ್ಧ ಹಾಡು ಉತ್ತರವೇ. ಆ ಅರ್ಧವನ್ನು ಬರೆಯದೆ ಬಿಟ್ಟರೆ ಐದೂ ಜನ ಒಟ್ಟಿಗೆ ಅಲ್ಲಿ ನುಗ್ಗುತ್ತಾರೆ. ನಿಮ್ಮ ಗದ್ದಲ ಅದೇ.

ಹಾಗಾಗಿ ಪ್ರತಿ ಸುತ್ತಿಗೂ ಒಬ್ಬರ ಹೆಸರು ಬರೆಯಿರಿ. ಒಂದನೇ ನುಡಿಯ ಉತ್ತರ ಸ್ಯಾಕ್ಸ್‌ನದು. ಎರಡನೇ ನುಡಿಯದು ಗಿಟಾರಿನದು. ಹೆಸರಿಲ್ಲದವರು ಅಲ್ಲಿ ತಮ್ಮ ತಾಳದ ಕೆಲಸ ಬಿಟ್ಟು ಬೇರೆ ಏನೂ ಮಾಡಬಾರದು. ಉತ್ತರ ಕೊಡುವವರೂ ಎರಡು ಬಾರ್ ಪೂರ್ತಿ ನುಡಿಸಬೇಕಿಲ್ಲ. "ಮೋಡ ಕಟ್ಟಿತು" ಅಂದ ಮೇಲೆ ಒಂದು ಬೀಟ್ ಬಿಟ್ಟು ಮೂರೇ ಸ್ವರ ನುಡಿಸಿ ನಿಲ್ಲಿಸಿದರೆ ಅದೇ ದೊಡ್ಡ ಮಾತು.

ಹಳೆಯ ಷಿಕಾಗೋ ಬ್ಯಾಂಡುಗಳನ್ನು ಈ ಕಿವಿಯಿಂದ ಕೇಳಿ. ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯಿಂದ ಷಿಕಾಗೋಗೆ ಬಂದವರು. ಅವರ ಬ್ಯಾಂಡಿನಲ್ಲಿ ಲಿಟ್ಲ್ ವಾಲ್ಟರ್ ಹಾರ್ಮೋನಿಕಾ, ಜಿಮ್ಮಿ ರಾಜರ್ಸ್ ಎರಡನೇ ಗಿಟಾರ್, ಆಮೇಲೆ ಓಟಿಸ್ ಸ್ಪಾನ್ ಪಿಯಾನೊ. ಎಲ್ಲರೂ ದೊಡ್ಡ ವಾದಕರೇ. ಆದರೂ ಹಾಡಿನ ಮಾತು ಒಂದೂ ಮುಚ್ಚಿಹೋಗುವುದಿಲ್ಲ. ಎರಡನೇ ಗಿಟಾರ್ ಕೆಳಗಿನ ತಂತಿಯಲ್ಲಿ ಓಡಾಡಿಕೊಂಡಿರುತ್ತದೆ, ಹಾರ್ಮೋನಿಕಾ ಹಾಡಿಗೆ ಉತ್ತರ ಕೊಡುತ್ತದೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುವುದಿಲ್ಲ.

ಕಡಲ ಗಿಟಾರ್, ಕಾರವಾರ

ಹಾಗಾದರೆ ಹಾಡುವಾಗ ನಾನು ಏನು ಮಾಡಲಿ? ಕೀಬೋರ್ಡ್ ಎರಡು ಸ್ವರ ಹಿಡಿದಿದ್ದಾನೆ, ಬೇಸ್ ನಡೆಯುತ್ತಿದೆ.

ಕೋಡಿಬಾಗ ಸ್ಯಾಕ್ಸ್

ಮೇಲಿನ ಮೂರು ತಂತಿ ಮಾತ್ರ. ಎರಡು, ನಾಲ್ಕನೇ ಬೀಟಿಗೆ ಸ್ನೇರ್ ಜೊತೆ ಒಂದು ಗಿಡ್ಡ ಪೆಟ್ಟು, ತಕ್ಷಣ ಕೈ ಸಡಿಲ. ಕೀಬೋರ್ಡ್ ಉದ್ದ ಸ್ವರ ಹಿಡಿದರೆ ನೀವು ಗಿಡ್ಡ ನುಡಿಸಿ. ಅವರು ಗಿಡ್ಡ ನುಡಿಸಿದರೆ ನೀವು ಹಿಡಿಯಿರಿ. ಇಬ್ಬರೂ ಒಂದೇ ಥರ ಮಾಡಬೇಡಿ.

ಹಳೇ ರೆಕಾರ್ಡ್, ದಾಂಡೇಲಿ

ಹನ್ನೆರಡೇ ಬಾರ್ ಯಾಕೆ ಅಂತ ಒಂದು ಪ್ರಶ್ನೆ. ಜಾನ್ ಲೀ ಹೂಕರ್, ಲೈಟ್ನಿನ್ ಹಾಪ್ಕಿನ್ಸ್ ಒಬ್ಬರೇ ಕೂತು ಹಾಡಿದ್ದನ್ನು ಎಣಿಸಿದರೆ ಎಷ್ಟೋ ಕಡೆ ಹನ್ನೊಂದೂ ಬರುತ್ತದೆ, ಹದಿಮೂರೂ ಬರುತ್ತದೆ. ಮಾತು ಮುಗಿದಾಗ ಕಾರ್ಡ್ ಬದಲು. ನೀವು ಇಷ್ಟೆಲ್ಲ ಎಣಿಸಿದರೆ ಜೀವ ಹೋಗುವುದಿಲ್ಲವೇ?

ಕುಮಟಾ ಬೇಸ್

ಅವರು ಒಬ್ಬರೇ ಇದ್ದರು, ಹಾಗಾಗಿ ನಡೆಯಿತು. ಆರು ಜನ ಇದ್ದಾಗ ಯಾವಾಗ ಬದಲಾಗುತ್ತದೆ ಅಂತ ಎಲ್ಲರಿಗೂ ಗೊತ್ತಿರಬೇಕು. ಡಬ್ಲ್ಯೂ. ಸಿ. ಹ್ಯಾಂಡಿ 1912ರಿಂದ ಬ್ಲೂಸನ್ನು ನೊಟೇಶನ್ ಮಾಡಿ ಅಚ್ಚು ಹಾಕಿಸಿದರು. ಬ್ಯಾಂಡುಗಳು ಅದನ್ನು ಓದಿ ನುಡಿಸಿದವು. ಹನ್ನೆರಡು ಬಾರ್ ಇಷ್ಟು ಗಟ್ಟಿಯಾಗಿ ನಿಂತಿರುವುದರಲ್ಲಿ ಆ ಅಚ್ಚಿನ ಕಾಗದಕ್ಕೂ ಪಾಲಿದೆ.

ಆದರೂ ನಿಮ್ಮ ಮಾತನ್ನು ಬಿಡಬೇಕಿಲ್ಲ. ಒಂದು ಸುತ್ತು ಉದ್ದ ಮಾಡಬಹುದು. 1954ರಲ್ಲಿ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ ಒಂದು ಹಾಡಿನಲ್ಲಿ ಹೀಗೇ ಇದೆ. ಮೊದಲ ನಾಲ್ಕು ಬಾರನ್ನು ಎಂಟು ಮಾಡಿ, ಅಲ್ಲಿ ಬ್ಯಾಂಡ್ ಒಂದು ಪೆಟ್ಟು ಹೊಡೆದು ನಿಲ್ಲುತ್ತದೆ, ಹಾಡುವವರು ಖಾಲಿಯಲ್ಲಿ ಕತೆ ಹೇಳುತ್ತಾರೆ. ಆಮೇಲೆ ಮ ಕಾರ್ಡಿನಿಂದ ಎಲ್ಲರೂ ಸೇರುತ್ತಾರೆ. ಒಟ್ಟು 16 ಬಾರ್. ಮೂರನೇ ನುಡಿಯನ್ನು ಹಾಗೆ ಮಾಡಿ. ಬೋಟಿನ ಎಂಜಿನ್ ಬಿಚ್ಚಿಟ್ಟದ್ದು, ಬಲೆ ಜಗುಲಿಯಲ್ಲಿ ಬಿದ್ದದ್ದು, ಶಾಲೆ ಫೀಸು, ಎಲ್ಲ ಅಲ್ಲಿ ಹೇಳಬಹುದು. ಡಿಕ್ಸನ್ ಬೇಸ್ ವಾದಕ ಅನ್ನುವುದು ನನಗೆ ಹೆಮ್ಮೆಯ ವಿಷಯ.

ಕಾಡು ದಾರಿ, ಮುಂಡಗೋಡ

ಬ್ಲೂಸ್ ಆಫ್ರಿಕಾದ ಮೂಲದ್ದು. ನಮ್ಮ ಜಿಲ್ಲೆಯಲ್ಲಿ ಸಿದ್ದಿ ಜನ ಇದ್ದಾರೆ, ಅವರದ್ದು ಡಮಾಮಿ ಅನ್ನುವ ಚರ್ಮವಾದ್ಯ ಇದೆ. ಅದನ್ನು ಹಾಡಿನಲ್ಲಿ ಸೇರಿಸಿದರೆ ಹೇಗೆ?

ಯಲ್ಲಾಪುರ ಡ್ರಮ್ಸ್

ನನ್ನ ಊರಿನ ಸುತ್ತಮುತ್ತಲೇ ಸಿದ್ದಿ ಕೇರಿಗಳಿವೆ, ಹಾಗಾಗಿ ಬಿಚ್ಚಿ ಹೇಳುತ್ತೇನೆ. ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದಲ್ಲಿ. ಅಲ್ಲಿಗೆ ಗುಲಾಮರಾಗಿ ಎಳೆದೊಯ್ಯಲಾದವರಲ್ಲಿ ಬಹಳ ಜನ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರು. ಸಿದ್ದಿಗಳ ಹಿರಿಯರು ಬಹುಪಾಲು ಪೂರ್ವ ಆಫ್ರಿಕಾದ ಕಡೆಯಿಂದ, ಪೋರ್ಚುಗೀಸರ ಗೋವಾ ದಾರಿಯಲ್ಲಿ ಬಂದವರು. ನೋವಿನಲ್ಲಿ ಹೋಲಿಕೆ ಇದೆ, ಸಂಗೀತ ಬೇರೆ ಬೇರೆ. ನೀವು ಆರು ಜನ ಬೇರೆಯವರು ಸೇರಿ ಬಣ್ಣಕ್ಕೆ ಅಂತ ಒಂದು ಡಮಾಮಿ ತಂದಿಡುವುದು ನನಗೆ ಸರಿ ಕಾಣುವುದಿಲ್ಲ. ನುಡಿಸುವವರನ್ನೇ ಕರೆಯಿರಿ. ಹಾಡು ಕೇಳಿಸಿ. ಅವರಿಗೆ ಇಷ್ಟವಾದರೆ ಏನು ನುಡಿಸಬೇಕು ಅಂತ ಅವರೇ ಹೇಳಲಿ.

ಕಾಡು ದಾರಿ, ಮುಂಡಗೋಡ

ಸರಿಯಾದ ಮಾತು. ಹಾಗೇ ಆಗಲಿ.

ಸುಗ್ಗಿ ಗುಮಟೆ, ಅಂಕೋಲಾ

ನಮ್ಮ ಕಡೆಯ ವಾದ್ಯ ಸೇರಿಸುವುದಾದರೆ ಗುಮಟೆಯ ಬಗ್ಗೆ ನಾನು ಹೇಳಬಹುದು, ನಾವು ಸುಗ್ಗಿಯಲ್ಲಿ ನುಡಿಸುವವರೇ. ಇಡೀ ಹಾಡಿಗೆ ಬೇಡ, ಡ್ರಮ್ಸ್ ಜೊತೆ ಕೂಡಿದರೆ ಅದರ ದನಿ ಮುಳುಗಿಹೋಗುತ್ತದೆ. ಒಂದು ಸುತ್ತು ಡ್ರಮ್ಸ್ ನಿಲ್ಲಿಸಿ, ಬೇಸ್ ಮತ್ತು ಗುಮಟೆ ಮಾತ್ರ ಇಡಿ. ಗುಮಟೆ ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದಿರುತ್ತದೆ. ಆ ತೆರೆದ ಬಾಯಿಯನ್ನು ಎಡಗೈಯಿಂದ ಮುಚ್ಚಿ ತೆರೆದು ಮಾಡಿದರೆ ದನಿ ಮೇಲೆ ಕೆಳಗೆ ಬಾಗುತ್ತದೆ. ನೀವು ಗಿಟಾರಿನಲ್ಲಿ ತಂತಿ ಎಳೆಯುವುದನ್ನು ನಾವು ಅಂಗೈಯಲ್ಲಿ ಮಾಡುತ್ತೇವೆ. ಬೇಸಿನವರ ಗ ಮ ಜಾರಿಕೆಯ ಜೊತೆ ಅದು ಚೆನ್ನಾಗಿ ಸೇರಬಹುದು.

ಹಿಂದೆ ಉಡದ ಚರ್ಮ ಹಾಕುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ. ಮಳೆಗಾಲದ ತೇವಕ್ಕೆ ಚರ್ಮ ಸಡಿಲ ಆಗುತ್ತದೆ. ನುಡಿಸುವ ಮೊದಲು ಒಲೆಯ ಶಾಖ ತೋರಿಸಿಕೊಳ್ಳಲು ಸಮಯ ಇಟ್ಟುಕೊಳ್ಳಿ.

ಕಡಲ ಗಿಟಾರ್, ಕಾರವಾರ

ಅಣ್ಣಾ, ನೀವೇ ಬರುತ್ತೀರಾ? ಅಂಕೋಲಾದಿಂದ ಎಷ್ಟು ದೂರ.

ಸುಗ್ಗಿ ಗುಮಟೆ, ಅಂಕೋಲಾ

ಬರುತ್ತೇನೆ. ಭಾನುವಾರ ಆದರೆ ಒಳ್ಳೆಯದು.

ಕಡಲ ಗಿಟಾರ್, ಕಾರವಾರ

ಎಲ್ಲರೂ ಹೇಳಿದ್ದನ್ನು ಸೇರಿಸಿ ಒಂದು ಹಾಳೆಗೆ ಇಳಿಸಿದ್ದೇನೆ. ನೋಡಿ ತಿದ್ದಿ.

ಬಿ ಫ್ಲಾಟ್, ಶಫಲ್, 84. ಶುರುವಿಗೆ ನಾಲ್ಕು ಬಾರ್, ಒಂಬತ್ತನೇ ಬಾರಿನಿಂದ ಹಿಡಿದು, ಪ ಮ ಸ ಪ. ಬೇಸ್, ಕೀಬೋರ್ಡ್, ಹೈ-ಹ್ಯಾಟ್ ಮಾತ್ರ. ಆಮೇಲೆ ಎರಡು ನುಡಿ. ಮೊದಲನೆಯದಕ್ಕೆ ಸ್ಯಾಕ್ಸ್ ಉತ್ತರ, ಗಿಟಾರ್ ಇಲ್ಲವೇ ಇಲ್ಲ. ಎರಡನೆಯದಕ್ಕೆ ಗಿಟಾರ್ ಉತ್ತರ, ಸ್ಯಾಕ್ಸ್ ಬಾಯಿಂದ ಕೆಳಗೆ. ಸ್ಯಾಕ್ಸ್ ಸೋಲೊ ಎರಡು ಸುತ್ತು. ಎರಡನೇ ಸುತ್ತಿನಲ್ಲಿ ಗಿಟಾರ್, ಕೀಬೋರ್ಡ್ ಕೂಡಿ ಹಿಂದಿನಿಂದ ಒಂದು ಸಣ್ಣ ರಿಫ್, ಅಂದರೆ ಮತ್ತೆ ಮತ್ತೆ ಬರುವ ತುಣುಕು. ಮೂರನೇ ನುಡಿ ನಿಲುಗಡೆಯದು, 16 ಬಾರ್. ಗಿಟಾರ್ ಸೋಲೊ ಒಂದು ಸುತ್ತು. ಬೇಸ್ ಮತ್ತು ಗುಮಟೆ ಒಂದು ಸುತ್ತು. ಕೊನೆಯ ನುಡಿ, ಅದರ ಮೇಲೆ ನಾಲ್ಕು ಬಾರ್ ಜಾಸ್ತಿ. ಒಟ್ಟು 108 ಬಾರ್, ಐದು ನಿಮಿಷ ಚಿಲ್ಲರೆ.

ಕೊನೆಯ ನುಡಿ ಹಾಡುವವಳೇ ಬರೆದಳು:

ನಾಳೆ ಹಗ್ಗ ಬಿಚ್ಚಬೇಕು, ಗಾಳಿ ತಗ್ಗಿತು
ಮೀನು ಬರಲಿ, ಬಿಡಲಿ, ಕೂತ ಕಾಲ ಮುಗಿಯಿತು

ಬಂದರು ಮನೆ, ಬೈತಖೋಲ

ಜುಲೈ 31ರ ರಾತ್ರಿ ನಮ್ಮ ಮನೆಯಲ್ಲಿ ಆಡುವ ಮಾತು ಇದೇ. ಬಂಗಾರದಂಥ ಸಾಲು.

ಕೋಡಿಬಾಗ ಸ್ಯಾಕ್ಸ್

ಹಾಳೆ ಚೆನ್ನಾಗಿದೆ. ಎರಡು ತಿದ್ದುಪಡಿ.

ಸ್ಯಾಕ್ಸ್‌ಗೆ ಬೇರೆ ಹಾಳೆ ಬರೆಯಿರಿ, ಸಿ ಸೆವೆನ್, ಎಫ್ ಸೆವೆನ್, ಜಿ ಸೆವೆನ್ ಅಂತ. ನಿಮ್ಮ ಬಿ ಫ್ಲಾಟ್ ಹಾಳೆಯನ್ನೇ ಕೊಟ್ಟರೆ ಮೊದಲ ಸ್ವರಕ್ಕೇ ಜಗಳ. ಹಾಡುವವಳಿಗೆ ಸ್ವರಲಿಪಿ ಸಾಕು, ಐದು ಗೆರೆಯ ಸ್ಟಾಫ್ ನೊಟೇಶನ್ ಬೇಡ. ನಮ್ಮ ಕಡೆ ಚರ್ಚಿನಲ್ಲಿ ಕಲಿತವರು ಸ್ಟಾಫ್ ಓದುತ್ತಾರೆ, ಶಿರಸಿಯಲ್ಲಿ ಕಲಿತವರು ಸ ರಿ ಗ ಓದುತ್ತಾರೆ. ಎರಡನ್ನೂ ಬರೆಯುವ ತಾಳ್ಮೆ ಇರಬೇಕು. ಮುಂಬೈಯ ಸಿನಿಮಾ ಸಂಗೀತದಲ್ಲಿ ಗೋವಾದ ಸೆಬಾಸ್ಟಿಯನ್ ಡಿಸೋಜಾ, ಆಂಟನಿ ಗೊನ್ಸಾಲ್ವಿಸ್ ಅಂಥವರು ವರ್ಷಗಟ್ಟಲೆ ಮಾಡಿದ್ದು ಈ ಕೆಲಸವನ್ನೇ, ಹಾಡಿ ತೋರಿಸಿದ ರಾಗವನ್ನು ವಾದ್ಯದವರು ಓದುವ ಹಾಳೆಗೆ ಇಳಿಸುವುದು.

ಎರಡನೆಯದು, ಸ್ಯಾಕ್ಸ್ ಸೋಲೊ ಹಿಂದಿನ ರಿಫ್. ಅದು ಹೊಸದೇನೂ ಬೇಡ. ಮಾಸ್ತರು ಹೇಳಿದ ಎರಡು ಸ್ವರವನ್ನೇ ಗಿಟಾರ್ ಒಂದು, ಕೀಬೋರ್ಡ್ ಒಂದು ಹಂಚಿಕೊಳ್ಳಲಿ. "ಬೋಟು ಕಟ್ಟಿ" ಲಯದಲ್ಲಿ ನಾಲ್ಕು ಪೆಟ್ಟು, ಆಮೇಲೆ ಒಂದೂವರೆ ಬಾರ್ ಮೌನ. ಕಾರ್ಡ್ ಬದಲಾದಾಗ ಇಬ್ಬರೂ ಅರ್ಧ ಮನೆ ಸರಿಯಿರಿ.

ಕಡಲ ಗಿಟಾರ್, ಕಾರವಾರ

ಕೊನೆಯ ನಾಲ್ಕು ಬಾರ್ ಮಾತ್ರ ಇನ್ನೂ ಗಟ್ಟಿಯಾಗಿಲ್ಲ. ಹೇಗೆ ನಿಲ್ಲಿಸುವುದು?

ಕುಮಟಾ ಬೇಸ್

ಕೊನೆಯ ನುಡಿಯ ಒಂಬತ್ತು, ಹತ್ತನೇ ಬಾರಿನಲ್ಲಿ "ಮೀನು ಬರಲಿ" ಸಾಲು ಒಂದು ಸಲ ಬಂತು. ಹನ್ನೊಂದು, ಹನ್ನೆರಡರಲ್ಲಿ ಸ ಗೆ ಹೋಗಬೇಡಿ, ಮತ್ತೆ ಪ ಮ ಅಂತ ಹಾಕಿ ಅದೇ ಸಾಲು ಇನ್ನೊಮ್ಮೆ. ಜಾಸ್ತಿ ಇಟ್ಟ ನಾಲ್ಕರಲ್ಲಿ ಮೊದಲ ಎರಡು ಬಾರ್ ಮತ್ತೆ ಪ ಮ, ಮೂರನೇ ಸಲ ಅದೇ ಸಾಲು. ಈ ಸಲ ಬೇಸೂ ಇಲ್ಲದೆ ಅವಳೊಬ್ಬಳೇ. ಮೂರನೇ ಬಾರಿನಲ್ಲಿ ಬೇಸ್ ಮತ್ತು ಸ್ಯಾಕ್ಸ್ ಕೂಡಿ ಬೀಟಿಗೊಂದರಂತೆ ಇಳಿಯಲಿ, ಸ, ಕೋಮಲ ನಿ, ಧ, ಕೋಮಲ ಧ. ನಾಲ್ಕನೇ ಬಾರಿನ ಒಂದನೇ ಬೀಟಿಗೆ ಪ, ಎರಡನೇ ಬೀಟಿಗೆ ಎಲ್ಲರೂ ಸ ಸೆವೆನ್. ಡ್ರಮ್ಸ್ ಸಿಂಬಲ್ ಹೊಡೆದು ಕೈಯಲ್ಲಿ ಹಿಡಿದುಬಿಡಲಿ.

ಯಲ್ಲಾಪುರ ಡ್ರಮ್ಸ್

ಹಿಡಿಯುವುದು ಬೇಡ ಅನ್ನಿಸುತ್ತದೆ. ಕೋಮಲ ನಿಷಾದ ಇರುವ ಕಾರ್ಡ್ ಅದು, ಸಿಂಬಲ್ ಜೊತೆ ತಾನಾಗಿಯೇ ಆರಲಿ. ಎರಡೂ ಥರ ನುಡಿಸಿ ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಕೇಳಿ ಹೇಳೋಣ.

ಕಡಲ ಗಿಟಾರ್, ಕಾರವಾರ

ಗುಮಟೆ ಅಣ್ಣ ಭಾನುವಾರ ಬರುತ್ತಾರೆ. ಅವತ್ತು ಎರಡೂ ಮಾಡುತ್ತೇವೆ. ಕರೆಂಟ್ ಇದ್ದರೆ ರಾತ್ರಿಯೊಳಗೆ ರೆಕಾರ್ಡಿಂಗ್ ಹಾಕುತ್ತೇನೆ.